ಲಿಫ್ಟಿನ ಪಕ್ಕದ ಒಣಮೀನು

ಗೆಳೆಯರೇ, ಗೋಡೆಗೋಡೆಗೂ ಚಿತ್ರ ಬರೆಸಿಕೊಂಡು ಈಗ ಹೆಸರು ಮಾಡಿರುವ ಆ ಮೀನುಗಾರರ ಹಳ್ಳಿಗೆ ಇವತ್ತು ಕಾಂದಿವಲಿಯ ನಮ್ಮ ಬಿಲ್ಡಿಂಗಿನವರೆಲ್ಲ ಹೋಗಿದ್ದೆವು. ಕರೆದುಕೊಂಡು ಹೋದವರು ಸೊಸೈಟಿ ಸೆಕ್ರೆಟರಿ ಕುಲಕರ್ಣಿಯವರು. ಧಾರವಾಡದವರು, ಮೊಟ್ಟೆಯನ್ನೂ ಮುಟ್ಟದವರು. ಕಳೆದ ವಾರವಷ್ಟೇ, ಮಂಗಳೂರಿಂದ ಬಂದ ಒಣಮೀನನ್ನು ನಾನು ಸುಡುತ್ತಿದ್ದಾಗ ಬಾಗಿಲಿಗೆ ಬಂದು, "ಲಿಫ್ಟಿನ ತನಕ ವಾಸನಿ ಬರ್ತದ, ಬಂದ್ ಮಾಡ್ರಿ" ಎಂದು ಹೇಳಿ ಹೋಗಿದ್ದರು.

ಆ ಹಳ್ಳಿಯಲ್ಲಿ ಹಗ್ಗದ ತುಂಬ ಬೊಂಬಿಲ್ ಮೀನು ಒಣಗುತ್ತಿತ್ತು. ಕುಲಕರ್ಣಿಯವರು ಅದರ ಕೆಳಗೇ ನಿಂತು ನನ್ನ ಕೈಗೆ ಮೊಬೈಲ್ ಕೊಟ್ಟರು.

"ಮೀನು ಪೂರಾ ಬರೋ ಹಂಗ ತೆಗೀರಿ. ಭಾಳ ಅಥೆಂಟಿಕ್ ಅದ."

"ವಾಸನೆ ಬರುದಿಲ್ವಾ ಸರ್?" ಎಂದೆ.

"ಇಲ್ಲೆ ವಾಸನಿ ಇದ್ರನ ಛಂದ್ರಿ. ಇದು ಇವ್ರ ಕಲ್ಚರ್."

ಹೊರಡುವ ಮುಂಚೆ ಬಿಲ್ಡಿಂಗಿನ ಲಾಬಿಗೆಂದು ಒಂದು ದೊಡ್ಡ ಪೇಂಟಿಂಗನ್ನೂ ಕೊಂಡರು. ಅದರಲ್ಲಿ ಹೆಂಗಸೊಬ್ಬಳು ಒಲೆಯ ಮುಂದೆ ಕೂತು ಒಣಮೀನು ಸುಡುತ್ತಿದ್ದಾಳೆ.

ಸಂಜೆಯೇ ಅದನ್ನು ಲಿಫ್ಟಿನ ಪಕ್ಕ ತೂಗುಹಾಕಿದ್ದಾರೆ. ನಾನೀಗ ಮೇಲೆ ಮೂರನೇ ಮಾಳಿಗೆಯಲ್ಲಿ ಒಣಬಂಗುಡೆ ಸುಡುತ್ತಿದ್ದೇನೆ. ಅವರು ಬಂದು ಬೆಲ್ ಒತ್ತಿದರೆ ಹೇಳುವ ಮಾತು ತಯಾರಿದೆ: "ಕೆಳಗಿನ ಪೇಂಟಿಂಗಿಗೆ ವಾಸನೆಯೊಂದು ಕಡಿಮೆ ಇತ್ತು ಸರ್, ಕಳಿಸ್ತಾ ಇದ್ದೇನೆ."