ಕೋಟಿಂಗ್ ಇಲ್ಲದ ಕನ್ನಡಕ

ನನ್ನ ಹೊಸ ಕನ್ನಡಕದ ಗಾಜಿನ ಕೋಟಿಂಗ್ ಬೇಸಿಗೆ ಕಳೆಯುವುದರೊಳಗೇ ಸಿಪ್ಪೆ ಏಳಬಹುದಿತ್ತು. ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯೊಳಗೆ ಬೆಂದು ಗಾಜಿನ ತುಂಬ ಜೇಡರ ಬಲೆಯಂಥ ಗೆರೆಗಳು ಮೂಡಬಹುದಿತ್ತು. ಅಂಗಡಿಯವರು ಕೋಟಿಂಗ್ ಎಂದು ಹೇಳಿ ಬರೀ ಗಾಜನ್ನೇ ಕೊಟ್ಟಿರಬಹುದಿತ್ತು. ನನ್ನಂಥವನಿಗೆ ಅದು ಗೊತ್ತಾಗುವ ಬಗೆಯಾದರೂ ಏನು? ಮಗಳ ನಿಶ್ಚಿತಾರ್ಥದ ದಿನ ನನ್ನ ಕಣ್ಣು ಹಸಿರಾಗಿ ಮಿನುಗಿ, ಇವರಿಗೇನೋ ಕಾಯಿಲೆ ಇದೆ ಎಂದು ಬೀಗರಾಗುವವರು ಗಾಬರಿಯಾಗಬಹುದಿತ್ತು. ಕನ್ನಡಕದ ಕೆಳಗಿನ ಓದುವ ಭಾಗ ಅಭ್ಯಾಸವಾಗದೆ ನಾನು ಛತ್ರದ ಮೆಟ್ಟಿಲಿನಿಂದ ತಾಂಬೂಲದ ತಟ್ಟೆ ಸಮೇತ ಉರುಳಬಹುದಿತ್ತು. ಗಂಗಾನಗರದ ನಮ್ಮ ಮನೆಯಲ್ಲಿ ಹಾಸಿಗೆಯ ಮೇಲೆ ಮಲಗಿಕೊಂಡೇ ಇವಿಷ್ಟನ್ನೂ ನಾನು ಮುಂಚಿತವಾಗಿ ಅನುಭವಿಸಿ ಮುಗಿಸಿದ್ದೆ.

ಇದರಲ್ಲಿ ಯಾವುದೊಂದೂ ಆಗಲಿಲ್ಲ.

ನಿಶ್ಚಿತಾರ್ಥ ಹತ್ತಿರವಿದ್ದಾಗಲೇ ನನಗೂ ನನ್ನ ಹೆಂಡತಿಗೂ ಒಟ್ಟಿಗೆ ಪವರ್ ಬದಲಾಯಿತು. ಆರ್.ಟಿ. ನಗರದ ಕನ್ನಡಕದಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವರು ಎರಡು ಗಾಜು ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಒಂದರ ಮೇಲೆ ದೀಪ ಬೆಳ್ಳಗೆ, ಅಲ್ಲಾಡದೆ ಕೂತಿತ್ತು. ಇನ್ನೊಂದರ ಮೇಲೆ ತೆಳು ಹಸಿರು ನೆರಳು, ಅಷ್ಟೇ.

“ಇದು ಪ್ಲೇನು ಸಾರ್, ಇದು ಆ್ಯಂಟಿ-ಗ್ಲೇರು, ಕೋಟಿಂಗ್ ಇರೋದ್ರಿಂದ ಲೈಟ್ ಹೊಳೆಯಲ್ಲ. ಇನ್ನೂ ಮೇಲಿನ ಕೋಟಿಂಗ್ ತಗೊಂಡ್ರೆ ಬೇಗ ಗೀರು ಬೀಳಲ್ಲ, ನೀರು ನಿಲ್ಲಲ್ಲ, ಧೂಳು ಕೂರಲ್ಲ.”

“ಹೆಬ್ಬಾಳದ ಧೂಳೂ ಕೂರಲ್ವಾ?”

ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ. ಇನ್ನಷ್ಟು ಹೊತ್ತು ಅವರ ತಲೆ ತಿಂದು, ಕೊನೆಗೆ ಸಂಜೆ ಕೊಡಿಗೇಹಳ್ಳಿಯ ಆಫೀಸಿನಿಂದ ಬರುವಾಗ ಕಣ್ಣಿಗೆ ರಾಚುವ ಹೆಡ್‌ಲೈಟುಗಳನ್ನು ನೆನೆದು, ಇದ್ದಬದ್ದ ಕೋಟಿಂಗನ್ನೆಲ್ಲ ನನ್ನ ಗಾಜಿಗೆ ಹಾಕಿಸಿದೆ. ಅಷ್ಟರಲ್ಲಿ ಇವಳು, ತೋರಿಸಲೆಂದು ಇಟ್ಟಿದ್ದ ಕೋಟಿಂಗಿನ ಕನ್ನಡಕವೊಂದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು.

“ರೀ, ಇಲ್ನೋಡಿ, ಕಣ್ಣು ಕಾಣುತ್ತೆ.”

ಅವಳು ಹೇಳಿದ್ದು ನನಗೆ ಅರ್ಥವಾಗಿತ್ತು. ಆಗಿರಲಿಲ್ಲವೆಂದು ಬರೆದುಕೊಳ್ಳಬಹುದು, ಆದರೆ ಆಗಿತ್ತು. ನಮ್ಮ ಮನೆಯ ಆಲ್ಬಮ್ಮುಗಳಲ್ಲಿ, ನಾಮಕರಣವಿರಲಿ ಗೃಹಪ್ರವೇಶವಿರಲಿ, ಅವಳ ಕಣ್ಣಿನ ಜಾಗದಲ್ಲಿ ಎರಡು ಬಿಳಿ ಮಚ್ಚೆ. ಕನ್ನಡಕ ತೆಗೆದು ನಿಂತರೆ ಕ್ಯಾಮೆರಾ ಎಲ್ಲಿದೆಯೆಂದೇ ತಿಳಿಯದೆ ಬೇರೆಲ್ಲೋ ನೋಡುತ್ತಿರುತ್ತಾಳೆ. ಮಗಳ ನಿಶ್ಚಿತಾರ್ಥದ ಒಂದು ಫೋಟೋದಲ್ಲಾದರೂ ಕಣ್ಣು ನೆಟ್ಟಗೆ ಬರಬೇಕೆಂದು ಹೊರಡುವ ಮುಂಚೆ ಮನೆಯಲ್ಲೇ ಹೇಳಿದ್ದಳು.

“ನಿನ್ ಕಣ್ಣು ಎಲ್ಲಿಗೂ ಓಡಿಹೋಗಲ್ಲ ಕಣೇ,” ಅಂದೆ. “ನೀನೇನ್ ಗಾಡಿ ಓಡಿಸ್ತೀಯಾ? ಇರೋದು ಒಲೆ ಮುಂದೆ, ಹಬೇಲಿ. ಅದರ ಮೇಲೆ ಸೆರಗಲ್ಲಿ ಬೇರೆ ತಿಕ್ತೀಯ. ವಾರಕ್ಕೇ ಎದ್ದು ಬರುತ್ತೆ.”

ಕೌಂಟರಿನವರು ಏನೋ ಹೇಳಲು ಹೋಗಿ, ನಮ್ಮಿಬ್ಬರ ಮುಖ ನೋಡಿ, ಬಿಲ್ ಪುಸ್ತಕದ ಕಡೆ ತಿರುಗಿದರು. ಇವಳು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟಳು.

“ಹೌದು, ನಂಗ್ಯಾಕೆ. ಪ್ಲೇನೇ ಹಾಕ್ಬಿಡಿ.”

ಕನ್ನಡಕ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ನನ್ನದನ್ನು ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಬೀರುವಿಗೆ ಸೇರಿಸಿದ್ದು. ಧೂಳು ಕೂರದ ಕನ್ನಡಕವನ್ನು ಧೂಳಿಗೆ ಹೆದರಿ ಮನೆಯಲ್ಲೇ ಬಿಟ್ಟು, ಹಳೆಯ ಗೀರುಗಾಜನ್ನೇ ಹಾಕಿಕೊಂಡು ಆಫೀಸಿಗೆ ಓಡಾಡಿದೆ.

“ಅಪ್ಪಾ, ಅದನ್ನ ದೇವರ ಮನೇಲೇ ಇಟ್ಬಿಡು,” ಎಂದು ಮಗಳು ಹಂಗಿಸಿದಳು. “ಬೆಳಗ್ಗೆ ನಾನೇ ಊದಿನಕಡ್ಡಿ ಹಚ್ತೀನಿ.”

ಇವಳೂ ನಕ್ಕಳು. ನಗುತ್ತಲೇ ತನ್ನ ಪ್ಲೇನ್ ಗಾಜನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಯಲಹಂಕದ ಛತ್ರದಲ್ಲಿ ಎಲ್ಲವೂ ಸಾಂಗವಾಗಿ ನಡೆಯಿತು. ಬೀಗರು ಒಳ್ಳೆಯವರು. ಅವತ್ತೇ ಬೀರುವಿನಿಂದ ಹೊರಬಂದ ಕನ್ನಡಕ ಹಾಕಿಕೊಂಡು ನಾನು ಗೋಡೆ ಹಿಡಿದೇ ಮೆಟ್ಟಿಲಿಳಿದೆ, ಬೀಳಲಿಲ್ಲ. ಮಗಳ ಜೊತೆ ನಾವಿಬ್ಬರೂ ನಿಂತಾಗ ಫೋಟೋಗ್ರಾಫರ್ ಮಾತ್ರ ಕೈಯೆತ್ತಿದ.

“ಅಮ್ಮಾ, ಗ್ಲೇರ್ ಹೊಡೀತಿದೆ. ತಲೆ ಸ್ವಲ್ಪ ಕೆಳಗೆ... ಈ ಕಡೆ... ಇನ್ನೂ ಸ್ವಲ್ಪ...”

ಅವಳು ತಲೆ ತಗ್ಗಿಸಿದಳು, ಓರೆ ಮಾಡಿದಳು, ಮತ್ತೆ ಎತ್ತಿದಳು. ಕೆಳಗೆ ನೆಂಟರ ಸಾಲು ಕಾಯುತ್ತಿತ್ತು. “ಪರವಾಗಿಲ್ಲ, ತೆಗೀರಿ,” ಅಂದಳು. ನಾನು ಕ್ಯಾಮೆರಾ ನೋಡುತ್ತಾ ನಗುತ್ತಿದ್ದೆ. ದೀಪವನ್ನು ಸ್ವಲ್ಪ ಪಕ್ಕಕ್ಕೆ ಸರಿಸಪ್ಪಾ ಎಂದು ಹೇಳಬಹುದಿತ್ತೆಂಬುದು ಹೊಳೆದದ್ದು ಮರುದಿನ.

ಫೋಟೋಗಳು ಫೋನಿಗೆ ಬಂದವು. ಎಲ್ಲರೂ ಚೆನ್ನಾಗಿ ಬಂದಿದ್ದರು. ನನ್ನ ಕಣ್ಣುಗಳಂತೂ ರೆಪ್ಪೆಯ ಕೂದಲು ಕಾಣುವಷ್ಟು ಸ್ಪಷ್ಟ. ನಾನು ಬೆರಳು ಅಗಲಿಸಿ ಅವಳ ಮುಖವನ್ನು ದೊಡ್ಡದು ಮಾಡಿದೆ.

“ಅದನ್ನೇನ್ ಅಷ್ಟು ನೋಡ್ತೀರಾ?” ಅಂದಳು. “ಒಳ್ಳೇದೇ ಆಯ್ತು. ಆಗ ನಂಗೆ ಕಣ್ಣಲ್ಲಿ ನೀರು ಬಂದ್ಬಿಟ್ಟಿತ್ತು.”

ಅವತ್ತು ನಾನು ಅವಳ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದೆ. ಹೊಸ ಕನ್ನಡಕ ಹಾಕಿಕೊಂಡಿದ್ದೆ. ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿದೆ. ಅವಳ ಎರಡೂ ಗಾಜಿನ ಮೇಲೆ ಫೋಟೋಗ್ರಾಫರನ ದೀಪ ಬೆಳ್ಳಗೆ, ಅಲ್ಲಾಡದೆ ಕೂತಿತ್ತು.