ಯಶವಂತನಗರದಿಂದ ಮನೆಯ ಕಂಪ್ಯೂಟರ್ ಎಬ್ಬಿಸಿದ್ದು

ಕಂಪ್ಯೂಟರನ್ನು ಆರಿಸಿದ ಮೇಲೂ ಅದರ ಬೆನ್ನಿನಲ್ಲಿ, ಇಂಟರ್‌ನೆಟ್ಟಿನ ವಯರು ಚುಚ್ಚಿರುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಒಂದು ಹಸಿರು ದೀಪ ಮಿಣುಕುತ್ತಲೇ ಇರುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿದ್ದು ಅದನ್ನು ಕೊಂಡ ಮೂರು ವರ್ಷದ ಮೇಲೆ, ಪೆನ್ನಿನ ಮುಚ್ಚಳ ಹುಡುಕುತ್ತ ಮೇಜಿನ ಕೆಳಗೆ ತೂರಿದ ಒಂದು ಭಾನುವಾರ. ಪರದೆ ಕಪ್ಪಾಗಿದೆ, ಒಳಗಿನ ಫ್ಯಾನು ನಿಂತಿದೆ, ಮುಟ್ಟಿದರೆ ಡಬ್ಬಿ ತಣ್ಣಗಿದೆ, ಆದರೂ ಈ ದೀಪ ಯಾರಿಗಾಗಿ ಕಾಯುತ್ತಿದೆ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಪ್ರಶ್ನೆಗಳು ನನ್ನನ್ನು ತಡವಾಗಿ ಕಾಡುತ್ತವೆ, ಕಾಡಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ.

ತಡವೆನ್ನುವುದು ನನ್ನ ಜನ್ಮಲಕ್ಷಣ. ಮೂರನೆಯ ತರಗತಿಗೆ ಶಾಲೆ ಬಿಟ್ಟು ಅದಿರು ಲಾರಿಯ ಕ್ಲೀನರನಾದವನು ನಾನು; ಹತ್ತನೆಯ ತರಗತಿ ಪಾಸಾದದ್ದು ಮೂವತ್ತೊಂದಕ್ಕೆ, ಬಿ.ಎ. ಆದದ್ದು ನಲವತ್ತೊಂದಕ್ಕೆ. ಈಗ ತಲೆ ಅರ್ಧ ನೆರೆತ ಮೇಲೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಸಂಡೂರಿನ ಆಚೆ ಯಶವಂತನಗರದ ಒಂದು ಗಣಿಯಲ್ಲಿ ಲಾರಿ ತೂಕದ ಕಟ್ಟೆಯ ಗುಮಾಸ್ತ ನಾನು. ಲಾರಿ ನಂಬರು, ತೂಕ, ಚಾಲಕನ ಹೆಸರು ಇಷ್ಟನ್ನು ಟೈಪು ಮಾಡುವುದು ಕೆಲಸ. ಎರಡು ತೋರುಬೆರಳು ದುಡಿಯುತ್ತವೆ, ಉಳಿದ ಎಂಟು ಬೀಗರ ಹಾಗೆ ಸುಮ್ಮನೆ ಕುಳಿತು ನೋಡುತ್ತವೆ. ನಾನು ಒಂದು ರಸೀದಿ ಮುಗಿಸುವುದರೊಳಗೆ ಚಾಲಕರು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಉಗುಳಿಯೂ ಬರುತ್ತಾರೆ.

ಹಸಿರು ದೀಪದ ಗುಟ್ಟನ್ನು ನಾನು ಮೊಬೈಲಿನಲ್ಲಿ ಓದಿ ಓದಿ ಮೂರು ಭಾನುವಾರದಲ್ಲಿ ಬಿಡಿಸಿದೆ. ಕಂಪ್ಯೂಟರು ಮಲಗಿದರೂ ಅದರ ಒಂದು ಕಿವಿ ಎಚ್ಚರವಿರುತ್ತದಂತೆ. ಇಂಟರ್‌ನೆಟ್ಟಿನ ದಾರಿಯಲ್ಲಿ ದೂರದಿಂದ ಒಂದು ಪುಟ್ಟ ಪೊಟ್ಟಣ ಕಳಿಸಿದರೆ ಆ ಕಿವಿ ಅದನ್ನು ಕೇಳಿಸಿಕೊಂಡು ಇಡೀ ದೇಹವನ್ನು ಎಬ್ಬಿಸುತ್ತದಂತೆ. ಅದಕ್ಕೆ ಅವರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ಮಾಯಾ ಪೊಟ್ಟಣವೆಂದಾಗುತ್ತದೆ. ಒಳಗೆ ಮಾಯೆ ಏನಿದೆ ಎಂದು ನೋಡಿದರೆ, ಆ ಯಂತ್ರದ ಗುರುತಿನ ಸಂಖ್ಯೆಯನ್ನೇ ಬಿಡದೆ ಹದಿನಾರು ಸಲ ಬರೆದಿರುತ್ತಾರೆ, ಅಷ್ಟೆ. ಹೆಸರು ಹಿಡಿದು ಹದಿನಾರು ಸಲ ಕರೆದರೆ ಏಳುವ ಪ್ರಾಣಿ. ಇದನ್ನು ಓದಿದಾಗ ನನಗೆ ನನ್ನದೇ ಜೀವನಚರಿತ್ರೆ ಓದಿದಂತಾಯಿತು. ಚಿಕ್ಕವನಿದ್ದಾಗ ಕಂಪ್ಲಿಯಲ್ಲಿ ನನ್ನ ಅಕ್ಕ ನನ್ನನ್ನು ಹೀಗೆಯೇ 'ಕೊಟ್ರಾ, ಕೊಟ್ರಾ' ಎಂದು ಕರೆದು ಎಬ್ಬಿಸುತ್ತಿದ್ದಳು. ವ್ಯತ್ಯಾಸವಿಷ್ಟೆ: ಹದಿನೇಳನೆಯ ಕರೆಗೆ ಅವಳು ತಂಬಿಗೆ ನೀರನ್ನೂ ಸೇರಿಸುತ್ತಿದ್ದಳು.

ಈ ಅಕ್ಕನನ್ನು ನಿಮಗೆ ಸರಿಯಾಗಿ ಪರಿಚಯಿಸಬೇಕು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ನಮ್ಮ ಕಡೆಯ ವಾಡಿಕೆಯಂತೆ ಅವಳ ಮಗಳನ್ನೇ ನಾನು ಮದುವೆಯಾದ್ದರಿಂದ ಅವಳು ನನ್ನ ಅತ್ತೆಯೂ ಹೌದು. ಮದುವೆಯ ಮೇಲೆ ಹಿರಿಯರೆಲ್ಲ ಸೇರಿ ಇನ್ನು ಮುಂದೆ ಅಳಿಯನಿಗೆ ಬಹುವಚನ ಕೊಡಬೇಕೆಂದು ಅವಳಿಗೆ ಹೇಳಿದರು; ಅವಳು ಒಂದು ವಾರ ಕಷ್ಟಪಟ್ಟು ಕೊಟ್ಟು, ಎಂಟನೆಯ ದಿನ ನಾನು ಒದ್ದೆ ಕಾಲಲ್ಲಿ ದೇವರ ಕೋಣೆ ದಾಟಿದ್ದಕ್ಕೆ ಒಮ್ಮೆಲೇ ವಾಪಸು ತೆಗೆದುಕೊಂಡಳು. ಭಾವ, ಅಂದರೆ ಅವಳ ಗಂಡ, ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಮೋಟಾರು ಮಿಸ್ತ್ರಿಯಾಗಿದ್ದರು. ಅವರು ಹೋದ ಮೇಲೆ ಅಕ್ಕ ಹೊಸಪೇಟೆಯ ನಮ್ಮ ಮನೆಯಲ್ಲೇ ಇದ್ದಾಳೆ. ಮಲಪನಗುಡಿಯ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿಯನ್ನೂ ನನ್ನನ್ನೂ ಒಂದೇ ದನಿಯಲ್ಲಿ ಗದರುವ ಹಕ್ಕು ಅವಳೊಬ್ಬಳಿಗೇ ಇದೆ.

ಯಂತ್ರ ಎಬ್ಬಿಸುವ ವಿದ್ಯೆ ಕೈವಶವಾದ ದಿನ ನಾನು ಗಣಿಯ ಕ್ಯಾಂಟೀನಿನಲ್ಲಿ ಕುಳಿತು ಮೊಬೈಲಿನ ಗುಂಡಿ ಒತ್ತಿದೆ. ಅಷ್ಟು ದೂರದ ಹೊಸಪೇಟೆಯಲ್ಲಿ ಕಂಪ್ಯೂಟರು ಎದ್ದು, ಅದರ ಪರದೆ ನನ್ನ ಅಂಗೈಯಲ್ಲಿ ಮೂಡಿತು. ಮಾಡುವ ಕೆಲಸವೇನೂ ಇರಲಿಲ್ಲ; ನೋಡಿ ಸಂತೋಷಪಟ್ಟು ಮತ್ತೆ ಮಲಗಿಸಿದೆ. ಮರುದಿನವೂ ಎಬ್ಬಿಸಿ ಮಲಗಿಸಿದೆ. ಪಾಪದ ಪ್ರಾಣಿಗೆ ಇಷ್ಟು ತೊಂದರೆ ಕೊಟ್ಟವರು ಬೇರೆ ಯಾರೂ ಇರಲಾರರು. ಸೊಕ್ಕು ನೆತ್ತಿಗೇರಿ, ನನ್ನ ಬರವಣಿಗೆಯ ಪ್ರತಿ ತುಂಬಿ ದಿನಾ ಜೇಬಿನಲ್ಲಿ ಒಯ್ಯುತ್ತಿದ್ದ ಪೆನ್‌ಡ್ರೈವನ್ನು ಮನೆಯಲ್ಲೇ ಬಿಡತೊಡಗಿದೆ. ಮನೆಯ ಕಂಪ್ಯೂಟರೇ ಕರೆದಲ್ಲಿಗೆ ಬರುವಾಗ ಬೆರಳಿನಷ್ಟಿರುವ ಆ ಬಡಪಾಯಿಯ ಹಂಗೇಕೆ?

ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ನನ್ನ ಎಂಟು ತಿಂಗಳ ಬದುಕಿತ್ತು. ಎಂ.ಎ. ಕೊನೆಯ ವರ್ಷಕ್ಕೆ ಒಂದು ಕಿರುಪ್ರಬಂಧ ಬರೆಯಬೇಕು. ನಾನು ಆರಿಸಿಕೊಂಡದ್ದು ಕಂಪ್ಲಿಯ ಅಕ್ಕಿ ಗಿರಣಿಗಳ ಮಾತು. ಭತ್ತದ ಸಿಪ್ಪೆ ಬಿಡಿಸುವ ಹಲ್ಲರಿನಿಂದ ಹಿಡಿದು ನುಚ್ಚು, ತೌಡು, ಜರಡಿ, ಯಂತ್ರ ತಿರುಗಿಸುವ ಬೆಲ್ಟಾದ ಪಟ್ಟಾ ಎಂದು ಅಲ್ಲಿ ಬಳಸುವ ಶಬ್ದಗಳನ್ನೆಲ್ಲ ಕೂಡಿಸಿ ಅರ್ಥ ಬರೆದದ್ದು. ಹೇಳಿದವಳು ಅಕ್ಕ, ಅವಳೂ ಭಾವ ಇದ್ದ ಗಿರಣಿಯಲ್ಲೇ ಹದಿನೈದು ವರ್ಷ ಅಕ್ಕಿ ಕೇರಿದವಳು. ಅವಳು ಹೇಳುತ್ತ ಹೋದಳು, ನಾನು ಕುಟ್ಟುತ್ತ ಹೋದೆ. ಅವಳು ಒಂದು ಬುಟ್ಟಿ ಅವರೆಕಾಯಿ ಸುಲಿಯುವುದರೊಳಗೆ ನನ್ನದು ಐದು ಸಾಲಾಗುತ್ತಿತ್ತು. ಹೀಗೆ ನಲವತ್ತೆರಡು ಪುಟ.

ಒಂದು ಸೋಮವಾರ ಮಧ್ಯಾಹ್ನ ಮೂರೂವರೆಗೆ ಅಧ್ಯಯನ ಕೇಂದ್ರದಿಂದ ಫೋನು ಬಂತು. ಪ್ರಬಂಧ ಮುಟ್ಟಿಸಿದವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲವೆಂದೂ, ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆಂದೂ, ಅಷ್ಟರೊಳಗೆ ಮೇಲ್ ಬಾರದಿದ್ದರೆ ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲವೆಂದೂ ಅಲ್ಲಿಯ ಮೇಡಂ ಬಹಳ ಮೃದುವಾಗಿ ಹೇಳಿದರು. ಕೊನೆಯ ದಿನ ಮುಂದಿನ ಸೋಮವಾರವೆಂದು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ತಪ್ಪು ಗುರುತೇ ಆದರೂ ಬಹಳ ಅಂದವಾಗಿ ಹಾಕಿದ್ದೆ. ಒಂದು ವರ್ಷವೆಂದರೆ ಇಪ್ಪತ್ತು ದಾಟದವರಿಗೆ ಒಂದು ಬೇಸಿಗೆ ರಜೆ ಇದ್ದಂತೆ. ನನ್ನಂಥವನು ಒಂದು ವರ್ಷ ನಿಂತರೆ ಮತ್ತೆ ಹೊರಡುತ್ತಾನೆಂಬ ಭರವಸೆ ಇಲ್ಲ. ಹಿಂದೊಮ್ಮೆ ಪಿಯುಸಿಯಲ್ಲಿ ಹಾಗೆ ನಿಂತವನು ಮೂರು ವರ್ಷ ಪುಸ್ತಕ ಮುಟ್ಟಿರಲಿಲ್ಲ. ಕಂಪನಿಯ ಬಸ್ಸು ಬಿಡುವುದು ಐದೂವರೆಗೆ. ಆದರೆ ನನಗೇನು ಭಯ? ಮೊಬೈಲು ತೆಗೆದು ಮಾಯಾ ಪೊಟ್ಟಣ ಕಳಿಸಿದೆ.

ಕಂಪ್ಯೂಟರು ಏಳಲಿಲ್ಲ. ಇನ್ನೊಮ್ಮೆ ಕಳಿಸಿದೆ, ಏಳಲಿಲ್ಲ. ಪೂರಾ ಹದಿನಾರು ಸಲ ಕರೆದೆನೆಂದು ಕಾಣುತ್ತದೆ. ಆಗ ತಲೆಗೆ ಹೊಳೆಯಿತು: ಇವತ್ತು ಸೋಮವಾರ. ಸೋಮವಾರ ಅಕ್ಕ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿ ಬರುತ್ತಾಳೆ. ಮನೆಯಲ್ಲಿ ಯಾರೂ ಇಲ್ಲದಾಗುವುದು ಆ ಒಂದೇ ದಿನ. ಮನೆ ಬೀಗ ಹಾಕುವ ಮುಂಚೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಿ, ಆರಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಮುಟ್ಟಿ ನೋಡುವುದು ಅವಳ ವ್ರತ. ಇಂಟರ್‌ನೆಟ್ಟಿನ ಡಬ್ಬಿಯೊಂದು ಅಟ್ಟದ ಮೇಲಿದ್ದುದರಿಂದ ಅವಳ ಕೈಗೆ ಸಿಕ್ಕಿರಲಿಲ್ಲ. ಕರೆಂಟೇ ಇಲ್ಲದ ಕಿವಿ ಏನನ್ನು ಕೇಳೀತು? ನಾನು ಪ್ರಯೋಗ ಮಾಡಿದ್ದೆಲ್ಲ ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ. ಇಡೀ ಲೋಕದ ಜಾಲವನ್ನು ಲೆಕ್ಕಕ್ಕೆ ತೆಗೆದುಕೊಂಡವನು ಅಕ್ಕನ ಸೋಮವಾರವನ್ನು ಬಿಟ್ಟಿದ್ದೆ.

ಅವಳಿಗೆ ಫೋನು ಮಾಡಿದೆ. ಹಂಪಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಕಂಪ್ಯೂಟರಿನ ಸ್ವಿಚ್ಚು ಆರಿಸಿದ್ದೀಯಾ ಎಂದು ಕೇಳಿದೆ.

"ಆರ್ಸದ ಮನಿ ಬಿಟ್ಟು ಹೊಕ್ಕಾರೇನ್ಲೇ ಕೊಟ್ರಾ? ಫ್ರಿಜ್ ಒಂದು ಬಿಟ್ಟೀನಿ."

"ಅದನ್ನೊಂದು ಹಾಕಕ್ಕ. ಹಾಕಿ ಈಕಡೆ ಬಾ. ಮುಂದಿಂದು ನಾ ಇಲ್ಲಿಂದ ಚಾಲೂ ಮಾಡ್ತೀನಿ."

ಅವಳ ದನಿ ಬೇರೆಯಾಯಿತು.

"ಅಲ್ಲಿ ಕುಂತು ಇಲ್ಲಿ ಮಿಷನ್ ಹಾಕ್ತೀಯಾ? ಇಲ್ಲಿ ಯಾರ ಕೈ ಎಲ್ಲಿ ಐತಿ ಅಂತ ನಿನಗ ಹೆಂಗ ಗೊತ್ತಾಗಬೇಕು?"

"ಅಕ್ಕ, ಅದು ಕಂಪ್ಯೂಟರ್. ಕೈ ಕಡಿಯೋ ಮಿಷನ್ ಅಲ್ಲ."

"ಹಲ್ಲರ್ರೂ ಸುಮ್ನ ನಿಂತಾಗ ಕೈ ಕಡಿಯೋ ಮಿಷನ್ ಅಲ್ಲ."

ಗಡಿಯಾರ ನಾಲ್ಕು ದಾಟಿತ್ತು. ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಅಂಥ ಹೊತ್ತಿನಲ್ಲಿ ಅಕ್ಕ, ನಾನು ಎಂಟು ತಿಂಗಳು ಗಿರಣಿಯ ಮಾತು ಕೇಳಿದರೂ ಹೇಳದಿದ್ದ ಒಂದು ಸಂಗತಿ ಹೇಳಿದಳು. ಗಿರಣಿಯಲ್ಲಿ ಮೋಟಾರಿನ ಹ್ಯಾಂಡಲ್ಲು ಒಂದು ಕೋಣೆಯಲ್ಲಿ, ಪಟ್ಟಾ ಮತ್ತು ಹಲ್ಲರು ಇನ್ನೊಂದರಲ್ಲಿ, ನಡುವೆ ಗೋಡೆ. ಇಲ್ಲಿದ್ದವರಿಗೆ ಅಲ್ಲಿದ್ದವರು ಕಾಣುವುದಿಲ್ಲ. ಒಂದು ದಿನ ಭಾವ ಪಟ್ಟಾ ಸರಿಮಾಡುತ್ತಿದ್ದಾಗ ಹೊಸದಾಗಿ ಬಂದ ಯಾವನೋ ಕೇಳದೆ ಹ್ಯಾಂಡಲ್ಲು ಎತ್ತಿಬಿಟ್ಟ. ಭಾವನ ಎಡಗೈಯ ಎರಡು ಬೆರಳು ಗಿಡ್ಡವಾಗಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದವನು. ಮಲಗಿದ್ದಾಗ ಇಲಿ ತಿಂದಿತೆಂದು ಅವರು ನಮಗೆ ಹೇಳುತ್ತಿದ್ದರು, ನಾವು ಕಾಲು ಮುದುಡಿಕೊಂಡು ಮಲಗುತ್ತಿದ್ದೆವು. ಗಾಯ ಮಾಯ್ದು ಕೆಲಸಕ್ಕೆ ಮರಳಿದ ದಿನ ಅವರು ಒಂದು ಪದ್ಧತಿ ಹಾಕಿದರು. ಹ್ಯಾಂಡಲ್ಲಿನ ಹತ್ತಿರ ಇರುವವನು 'ಹಾಕ್ತೀನಿ' ಎಂದು ಕೂಗಬೇಕು. ಪಟ್ಟಾದ ಹತ್ತಿರ ಇರುವವನು ಸುತ್ತ ನೋಡಿ 'ಹಾಕು' ಅನ್ನಬೇಕು. ಅನ್ನದಿದ್ದರೆ ಅದು ಒಪ್ಪಿಗೆಯಲ್ಲ. ಎದ್ದು ಹೋಗಿ ನೋಡಬೇಕು. ಆಮೇಲೆ ಕಂಪ್ಲಿಯ ಆ ಗಿರಣಿಯಲ್ಲಿ ಯಾರ ಬೆರಳೂ ಹೋಗಲಿಲ್ಲ.

ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ನೀ ಸಾಮಾನಿನ ಹೆಸರು ಕೇಳಿದಿ, ಹೇಳಿದೆ. ಇದು ಸಾಮಾನಲ್ಲ," ಎಂದಳು. "ಈಗ ಸ್ವಿಚ್ ಹಾಕೀನಿ. ಕೂಗು."

ನಾನು ಕೂಗಿದೆ. ತೂಕದ ಕಟ್ಟೆಯ ಮೇಲೆ ನಿಂತಿದ್ದ ಲಾರಿಯ ಚಾಲಕ ತನಗೇ ಏನೋ ಹೇಳಿದೆನೆಂದು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅತ್ತ ಅಕ್ಕ ತಡಿ ಎಂದು, ಮೇಜಿನ ಮೇಲೆ ಮಲಗಿದ್ದ ಪಕ್ಕದ ಮನೆಯ ಬೆಕ್ಕನ್ನು ಎತ್ತಿ ಕೆಳಗಿಟ್ಟು, ತಾನೂ ಎರಡು ಹೆಜ್ಜೆ ಹಿಂದೆ ಸರಿದು, ಹಾಕು ಎಂದಳು. ಪೊಟ್ಟಣ ಹೋಯಿತು. ಕಂಪ್ಯೂಟರು ಎದ್ದಿತು. ಓದುಗರಲ್ಲಿ ಜಾಣರು ಇಷ್ಟರಲ್ಲಿ ಕೇಳಿರುತ್ತೀರಿ: ಅಕ್ಕ ಹೇಗೂ ಅದರ ಎದುರಿಗೇ ನಿಂತಿದ್ದಳಲ್ಲ, ಡಬ್ಬಿಯ ಗುಂಡಿಯನ್ನೇ ಅವಳಿಂದ ಒತ್ತಿಸಬಹುದಿತ್ತಲ್ಲ? ಈ ಮಾತು ನನಗೂ ಹೊಳೆಯಿತು, ಸಂಜೆ ಬಸ್ಸು ಸಂಡೂರು ದಾಟಿದ ಮೇಲೆ.

ನಾಲ್ಕು ಇಪ್ಪತ್ತು. ಮೊಬೈಲಿನಲ್ಲೇ ಕಡತ ತೆರೆದೆ. ಮೇಲಿಗೆ ಅಂಟಿಸಿ ಕಳಿಸಿದರೆ ಮುಗಿಯಿತು. ಆದರೆ ಕೈ ಬರಲಿಲ್ಲ. ನಲವತ್ತೆರಡು ಪುಟದಲ್ಲಿ ಗಿರಣಿಯ ಪ್ರತಿ ಮೊಳೆಗೂ ಹೆಸರಿತ್ತು. ಆ ಮೊಳೆಗಳ ನಡುವೆ ಮನುಷ್ಯರ ಕೈ ಉಳಿಸಿದ ಎರಡು ಮಾತು ಇರಲಿಲ್ಲ. ನನ್ನ ವೇಗದಲ್ಲಿ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಬೇಕು. ಇದ್ದದ್ದು ನಲವತ್ತು ನಿಮಿಷ. ಲಾರಿಯವರಿಗೆ ಕೈಮುಗಿದು ಚಹಾಕ್ಕೆ ಕಳಿಸಿ, ಎರಡು ಬೆರಳಿನಿಂದ ಕುಟ್ಟಲು ಕುಳಿತೆ.

ಮೊಬೈಲನ್ನು ಸ್ಪೀಕರಿಗೆ ಹಾಕಿದ್ದೆ, ಅಕ್ಕನ ಕರೆ ಮುಗಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಓದತೊಡಗಿದ್ದು ಕೇಳಿಸಿತು. ಮನೆಯ ಪರದೆಯ ಮೇಲೆ ತಮ್ಮಷ್ಟಕ್ಕೆ ಮೂಡುತ್ತಿದ್ದ ಅಕ್ಷರಗಳನ್ನು ಅವಳು ಒಂದೊಂದಾಗಿ ಕೂಡಿಸುತ್ತಿದ್ದಳು. ಅವಳು ನಾಲ್ಕನೆಯ ತರಗತಿಗೆ ಬಿಟ್ಟವಳು. ನಾನು ಬರೆಯುವ ವೇಗ, ಅವಳು ಓದುವ ವೇಗ ಎರಡೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದವು. ಜೀವನದಲ್ಲಿ ಮೊದಲ ಸಲ ಯಾರೂ ನನಗಾಗಿ ಕಾಯಬೇಕಾಗಲಿಲ್ಲ. ಒಂದು ಸಲ ಕೂಗಬೇಕು ಎಂದು ನಾನು ಬರೆದಾಗ ತಡೆದಳು. ಒಂದಲ್ಲ, ಎರಡು ಸಲ. ಮೊದಲನೆಯದು ಕೇಳಿಸಿರಲಿಕ್ಕಿಲ್ಲ ಅಂತ. ಅಳಿಸಿ ತಿದ್ದಿದೆ. ಬೆರಳಿನ ಸುದ್ದಿಗೆ ಬಂದಾಗ ಮತ್ತೆ ತಡೆದಳು.

"ಬೆರಳು ಹೋಗಿದ್ದು ಬರಿಬ್ಯಾಡ. ಈ ಪದ್ಧತಿ ಹಾಕಿದವರು ಅವರು ಅಂತ ಬರಿ."

ಹಾಗೆಯೇ ಬರೆದೆ. ನಿಮಗೆ ಬೆರಳಿನ ಸಂಗತಿ ಹೇಳುವುದಕ್ಕೆ ಆಮೇಲೆ ಬೇರೆಯಾಗಿ ಅವಳ ಅಪ್ಪಣೆ ಪಡೆದಿದ್ದೇನೆ. ಭಾವನ ಹೆಸರು ಟೈಪಿಸಿದಾಗ ಅವಳು ಅದನ್ನು ಬಾಯಿಬಿಟ್ಟು ಓದಲಿಲ್ಲ. ಗಂಡನ ಹೆಸರನ್ನು ಅವಳು ಎಂದೂ ಹೇಳಿದವಳಲ್ಲ. ಅಷ್ಟು ಜಾಗ ಸುಮ್ಮನಿದ್ದು ಮುಂದಿನ ಶಬ್ದಕ್ಕೆ ಹೋದಳು.

ನಾಲ್ಕು ಐವತ್ತೆರಡಕ್ಕೆ ಮೇಲ್ ಸಿದ್ಧವಾಯಿತು. ಬೆರಳು ಕಳಿಸುವ ಗುಂಡಿಯ ಮೇಲಿತ್ತು. ಒತ್ತಬಹುದಿತ್ತು.

"ಅಕ್ಕ, ಹಾಕ್ತೀನಿ," ಎಂದೆ.

ಅತ್ತಲಿಂದ 'ಹಾಕು' ಬರಲಿಲ್ಲ. ಅವಳು ಆ ನಾಲ್ಕು ಸಾಲನ್ನು ಮತ್ತೆ ಮೊದಲಿಂದ ಓದುತ್ತಿದ್ದಳು; ಪಿಸುದನಿ ಕೇಳಿಸುತ್ತಿತ್ತು. ಐವತ್ತನಾಲ್ಕಾಯಿತು. ಐವತ್ತಾರಾಯಿತು. ನಾನು ಇನ್ನೊಮ್ಮೆ ಹೇಳಿದೆ.

"ಹಾಕ್ತೀನಿ ಅಕ್ಕ."

"ಹಾಕು," ಅಂದಳು.