ಕರ್ನಲ್‌ರನ್ನು ಕೆಳಗಿಳಿಸಿದ ರೊಸಾಲ್ಬಾ ಅಕ್ಕ

ಬೆಳಿಗ್ಗೆ ಐದೂವರೆ. ಕೀಟೊ ನಗರದ ಪೊಲೀಸ್ ಹೆಲಿಕಾಪ್ಟರ್ ದಳದ ಶೆಡ್ಡಿನಲ್ಲಿ ಪೈಲಟ್ ಕ್ಯಾಪ್ಟನ್ ನಾಹೆರಾ ಬೂಟು, ಹೆಲ್ಮೆಟ್ಟು, ಚೀಲ ಸಮೇತ ತೂಕದ ಯಂತ್ರ ಹತ್ತಿ ಉಸಿರು ಬಿಗಿಹಿಡಿದು ನಿಂತಿದ್ದಾರೆ.

"ಉಸಿರು ಹಿಡಿದ್ರೆ ತೂಕ ಇಳಿಯಲ್ಲ ಕ್ಯಾಪ್ಟನ್ರೇ. ನಿನ್ನೆಗಿಂತ ಒಂದೂವರೆ ಕೆಜಿ ಜಾಸ್ತಿ. ಏನ್ ತಿಂದ್ರಿ?"

"ಅತ್ತೆ ಮನೇಲಿ ಒಂಚೂರು ಹಂದಿ ಹುರಿದಿದ್ರು ಅಕ್ಕಾ."

"ಒಂಚೂರು ಅಂದ್ರೆ ಕಿವಿನೋ, ಇಡೀ ಹಂದಿನೋ?"

ಹೀಗೆ ಕೇಳುವ ಧೈರ್ಯ ಇರುವುದು ಐವತ್ಮೂರರ ರೊಸಾಲ್ಬಾ ಚಿಲುಯಿಸಾ ಅವರಿಗೆ ಮಾತ್ರ. ಬೆಟ್ಟದ ಮೇಲಿನ ಈ ಊರಲ್ಲಿ ಗಾಳಿ ತೆಳು, ಬಿಸಿಲೇರಿದರೆ ಇನ್ನೂ ತೆಳು. ಕರಾವಳಿಯಲ್ಲಿ ಆರು ಜನರನ್ನು ಹೊರುವ ಹೆಲಿಕಾಪ್ಟರ್ ಇಲ್ಲಿ ನಾಲ್ವರಿಗೇ ಏದುಸಿರು ಬಿಡುತ್ತದೆ. ದಿನಕ್ಕೆ ನಾಲ್ಕೈದು ಹಾರಾಟ: ಗಸ್ತು, ಕದ್ದ ಕಾರಿನ ಬೆನ್ನಟ್ಟುವಿಕೆ, ಪಿಚಿಂಚಾ ಬೆಟ್ಟದಲ್ಲಿ ದಾರಿ ತಪ್ಪಿದವರ ಹುಡುಕಾಟ. ಪ್ರತಿ ಸಲವೂ ಜನ, ಹಗ್ಗ, ಸ್ಟ್ರೆಚರ್, ಇಂಧನ ಎಲ್ಲವನ್ನೂ ಕೂಡಿ ರೊಸಾಲ್ಬಾ ಸಹಿ ಹಾಕಬೇಕು. ಸಹಿಯಿಲ್ಲದೆ ರೆಕ್ಕೆ ತಿರುಗದು. ಹುಡುಕಲು ಹೊರಟರಂತೂ ಸಿಗಬೇಕಾದವರ ತೂಕವನ್ನೂ ಮೊದಲೇ ಬರೆದಿಡುತ್ತಾರೆ. "ಸಿಕ್ಕಮೇಲೆ ಜಾಗ ಇಲ್ಲ ಅನ್ನೋಕಾಗುತ್ತಾ?"

ಹನ್ನೊಂದು ವರ್ಷ ಸಾನ್ ರೋಕೆ ಮಾರುಕಟ್ಟೆಯಲ್ಲಿ ಆಲೂಗೆಡ್ಡೆ ತೂಗಿದವರು ಇವರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಈ ಶೆಡ್ಡಿಗೆ ಕಸ ಗುಡಿಸಲು ಬಂದರು. ಆಗ ಇಲ್ಲಿ ಎಲ್ಲವೂ ಅಂದಾಜಿನ ಲೆಕ್ಕ. ಒಂದು ಮಧ್ಯಾಹ್ನ ಹೆಲಿಕಾಪ್ಟರ್ ಮೇಲೇಳಲಾರದೆ ಬೇಲಿಗೆ ಉಜ್ಜಿ ಕೂತಿತು. "ಆಲೂಗೆಡ್ಡೆನೇ ತೂಗ್ದೆ ಲಾರಿಗೆ ಹಾಕಲ್ಲ, ನೀವು ಮನುಷ್ಯರನ್ನ ಹಾಕ್ತೀರಲ್ಲ!" ಎಂದರು. ಮೊದಲು ಎಲ್ಲರೂ ನಕ್ಕರು. ವಾರದ ಮೇಲೆ ತೂಕದ ಕೆಲಸ ಅವರಿಗೇ ಬಂತು. ಅದಕ್ಕೀಗ ಹದಿನೇಳು ವರ್ಷ.

ಕಳೆದ ತಿಂಗಳು ಆ ಕೆಲಸಕ್ಕೇ ಸಂಚಕಾರ ಬಂದಿತ್ತು. ಸೊಪ್ಪು ತರಲು ಬೆಟ್ಟಕ್ಕೆ ಹೋದ ಸೆಗುಂಡೊ ಅಜ್ಜ ಎರಡು ದಿನ ಪತ್ತೆಯಿಲ್ಲ. ಮೂರನೆಯ ದಿನ ಕೊರಕಲಿನಿಂದ ಅಜ್ಜನ ನಾಯಿ ಬೊಗಳುತ್ತಿದೆ ಎಂದು ದನಗಾಹಿಯೊಬ್ಬ ಸುದ್ದಿ ಕೊಟ್ಟ. ಮೋಡ ಮುಚ್ಚುವ ಮುನ್ನ ಒಂದೇ ಸಲ ಹೋಗಿಬರಲು ಸಾಧ್ಯ. ಅಷ್ಟರಲ್ಲಿ ಟಿವಿಯವರು ಬಂದರು, ಅವರನ್ನು ಕಂಡು ಹೊಸ ಮುಖ್ಯಸ್ಥ ಕರ್ನಲ್ ಎಗಾಸ್ ಹೆಲಿಕಾಪ್ಟರ್ ಹತ್ತಿ ಕೂತರು.

"ಸಾಹೇಬ್ರೇ, ಇಳೀರಿ."

"ನಾನ್ಯಾರು ಗೊತ್ತೇನಮ್ಮಾ?"

"ಗೊತ್ತು. ತೊಂಬತ್ನಾಲ್ಕು ಕೆಜಿ."

"ನಾಳೆಯಿಂದ ಮತ್ತೆ ಪೊರಕೆ ಹಿಡೀಬೇಕಾಗುತ್ತೆ!"

"ಹಿಡೀತೀನಿ ಬಿಡಿ. ಅಜ್ಜನ ಜಾಗ ಮಾತ್ರ ಕೊಡಲ್ಲ."

ತಕ್ಕಡಿ ಮುಖ ನೋಡಿ ಮಣೆ ಹಾಕುವುದಿಲ್ಲ. ರೊಸಾಲ್ಬಾ ಸಹಿ ಹಾಕಲಿಲ್ಲ, ನಾಹೆರಾ ಎಂಜಿನ್ ಶುರು ಮಾಡಲಿಲ್ಲ. ಕರ್ನಲ್ ಮುಖ ಊದಿಸಿಕೊಂಡು ಇಳಿದರು. "ಅಜ್ಜ ಸಿಗ್ದಿದ್ರೆ ನನ್ ಕಥೆ ಮುಗೀತಿತ್ತು" ಎಂದು ರೊಸಾಲ್ಬಾ ಈಗ ನಗುತ್ತಾರೆ.

ಹೆಲಿಕಾಪ್ಟರ್ ಹೊರಟ ಐವತ್ತು ನಿಮಿಷಕ್ಕೆ ಅಜ್ಜ ಬಂದರು, ಕಾಲು ಮುರಿದಿತ್ತು, ಜೀವ ಗಟ್ಟಿಯಿತ್ತು. ನಾಯಿ ಬಿಟ್ಟು ಹತ್ತಲಾರೆ ಎಂದು ಹಟ ಹಿಡಿದರಂತೆ. ಕರ್ನಲ್ ಜಾಗ ಖಾಲಿಯಿತ್ತಲ್ಲ, ನಾಯಿಯೂ ಬಂತು. ಇಳಿದದ್ದೇ ಸಾಹೇಬರ ಇಸ್ತ್ರಿ ಪ್ಯಾಂಟಿಗೆ ಕೆಸರು ಬಳಿಯಿತು. ಮೊದಲು ನಕ್ಕವರು ಸಾಹೇಬರೇ. ಪೊರಕೆಯ ಮಾತು ಮತ್ತೆ ಬರಲಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ರೊಸಾಲ್ಬಾ ತೂಕದ ಯಂತ್ರ ಒರೆಸುತ್ತಾ ಹೇಳುತ್ತಾರೆ.

"ಹುಡುಕೋಕೆ ಹೋದಾಗೆಲ್ಲ, ಹೋಗಿದ್ದಕ್ಕಿಂತ ಭಾರವಾಗಿ ವಾಪಸ್ ಬರ್ಲಿ. ಅಷ್ಟೇ."